ಅಕ್ಷಹೃದಯ: ಜೂಜಿನ ಲೆಕ್ಕವೂ ಜೂಜುಗಾರನ ಮನಸ್ಸೂ

ನಳಚರಿತ್ರೆಯನ್ನು ಕೇಳದ ಕನ್ನಡಿಗರು ವಿರಳ. ಪುಷ್ಕರನೊಡನೆ ದ್ಯೂತವಾಡಿ ನಳನು ರಾಜ್ಯವನ್ನು ಕಳೆದುಕೊಂಡುದು, ಕಾಡಿನಲ್ಲಿ ದಮಯಂತಿಯನ್ನು ಅಗಲಿದುದು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಸಾರಥಿಯಾದುದು, ಇವೆಲ್ಲವೂ ನಮಗೆ ತಿಳಿದಿರುವುದಷ್ಟೆ. ಆದರೆ ಆ ಕಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಪ್ರಸಂಗವಿದೆ. ವಿದರ್ಭದ ದಾರಿಯಲ್ಲಿ ಋತುಪರ್ಣನು ಒಂದು ತಾರೆಯ ಮರವನ್ನು ಕಂಡು, ಅದರ ಎರಡು ಕೊಂಬೆಗಳಲ್ಲಿ ೨೦೯೫ ಕಾಯಿಗಳಿವೆಯೆಂದು ಕುಳಿತಲ್ಲಿಂದಲೇ ಹೇಳುತ್ತಾನೆ. ನಳನು ರಥವನ್ನು ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಈ ವಿದ್ಯೆಯೇ ಅಕ್ಷಹೃದಯ. ನಳನು ಅದನ್ನು ಕಲಿತ ಕೂಡಲೆ ಅವನ ಮೈಯೊಳಗೆ ಸೇರಿದ್ದ ಕಲಿಯು ವಿಷವನ್ನು ಕಾರುತ್ತ ಹೊರಬಂದು ಅದೇ ತಾರೆಯ ಮರವನ್ನು ಹೊಕ್ಕನೆಂದು ಮಹಾಭಾರತ ಹೇಳುತ್ತದೆ.

ತಾರೆಕಾಯಿ ಎಂದರೆ ನಮ್ಮ ತ್ರಿಫಲೆಯಲ್ಲಿ ಸೇರುವ ಕಾಯಿಯೇ. ಪ್ರಾಚೀನ ಭಾರತದಲ್ಲಿ ಇದನ್ನೇ ದಾಳವಾಗಿ ಬಳಸುತ್ತಿದ್ದರು. ಎಸೆದ ಕಾಯಿಗಳನ್ನು ನಾಲ್ಕು ನಾಲ್ಕಾಗಿ ಎಣಿಸಿ ಕೊನೆಗೆ ಒಂದು ಉಳಿದರೆ ಆ ಎಸೆತಕ್ಕೆ ‘ಕಲಿ’ ಎಂದು ಹೆಸರಿದ್ದಿತೆಂಬುದು ವಿದ್ವಾಂಸರ ಅಭಿಪ್ರಾಯ. ಅದು ಸೋಲಿನ ಎಸೆತ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಗೋಳನ್ನೇ ಹೇಳುವ ಒಂದು ಸೂಕ್ತವಿದೆ. ಹೆಂಡತಿ ದೂರವಾಗಿ, ಸಾಲಗಾರರಿಗೆ ಹೆದರಿ, ಇನ್ನು ಆಡುವುದಿಲ್ಲವೆಂದು ನಿಶ್ಚಯಿಸಿದರೂ ದಾಳದ ಸದ್ದು ಕೇಳಿದೊಡನೆ ಮತ್ತೆ ಅತ್ತ ಓಡುವವನ ಚಿತ್ರ ಅಲ್ಲಿದೆ. ಈ ವ್ಯಾಧಿ ಎಷ್ಟು ಹಳೆಯದೆಂಬುದನ್ನು ಇದರಿಂದ ಊಹಿಸಬಹುದು.

ಲೆಕ್ಕವನ್ನು ಕಲಿತರೆ ಕಲಿ ಬಿಟ್ಟು ಹೋಗುವನೆ? ಈ ಪ್ರಶ್ನೆ ನಮಗೆ ಪುರಾಣದ ಪ್ರಶ್ನೆಯಾಗಿ ಎದುರಾಗಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿಯೇ ಅದು ಎದುರಾಯಿತು. ಅದನ್ನು ಹೇಳುವುದಕ್ಕೆ ಮೊದಲು ಲೆಕ್ಕವನ್ನೇ ಸ್ವಲ್ಪ ನೋಡೋಣ.

ನಾಣ್ಯಕ್ಕೆ ನೆನಪಿಲ್ಲ

ವಾಚಕರು ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವಿದೆ. ಒಂದು ರೂಪಾಯಿಯ ನಾಣ್ಯವನ್ನು ನೂರು ಸಲ ಚಿಮ್ಮಿ, ಸಿಂಹದ ಮುಖ ಬಿದ್ದರೆ ‘ಸಿಂ’ ಎಂದೂ ಅಂಕಿಯ ಮುಖ ಬಿದ್ದರೆ ‘ಅಂ’ ಎಂದೂ ಸಾಲಾಗಿ ಬರೆಯಿರಿ. ಗೆಳೆಯನೊಬ್ಬನಿಗೆ ನಾಣ್ಯವನ್ನು ಮುಟ್ಟದೆ, ಮನಸ್ಸಿನಲ್ಲಿಯೇ ನಾಣ್ಯ ಚಿಮ್ಮಿದಂತೆ ಕಲ್ಪಿಸಿಕೊಂಡು ಅಂತಹುದೇ ನೂರು ಅಕ್ಷರಗಳ ಸಾಲನ್ನು ಬರೆಯುವಂತೆ ಹೇಳಿರಿ. ಎರಡು ಕಾಗದಗಳನ್ನೂ ಮೂರನೆಯವನಿಗೆ ಕೊಟ್ಟರೆ ನಿಜವಾದ ಸಾಲು ಯಾವುದೆಂದು ಅವನು ಬಹುಮಟ್ಟಿಗೆ ಹೇಳಬಲ್ಲನು. ಕಲ್ಪನೆಯಿಂದ ಬರೆದವನು ಸಿಂಹವನ್ನು ಮೂರು ನಾಲ್ಕು ಸಲ ಬರೆದ ಕೂಡಲೆ ‘ಇನ್ನು ಅಂಕಿ ಬರಬೇಕು’ ಎಂದು ಬದಲಾಯಿಸಿರುತ್ತಾನೆ. ನಾಣ್ಯಕ್ಕೆ ಅಂತಹ ಸಂಕೋಚವಿಲ್ಲ. ನೂರು ಸಲ ಚಿಮ್ಮಿದಾಗ ಎಲ್ಲಿಯಾದರೂ ಒಂದೆಡೆ ಒಂದೇ ಮುಖ ಸತತವಾಗಿ ಐದು ಸಲವಾದರೂ ಬೀಳುವ ಸಂಭವ ನೂರಕ್ಕೆ ಸುಮಾರು ೯೭ರಷ್ಟಿದೆ.

ನಾಣ್ಯಕ್ಕೆ ನೆನಪಿಲ್ಲವೆಂಬ ಈ ಒಂದು ಸಂಗತಿಯನ್ನು ಮರೆತುದರಿಂದ ಸರ್ವಸ್ವವನ್ನು ಕಳೆದುಕೊಂಡವರಿದ್ದಾರೆ. ೧೯೧೩ನೆಯ ಆಗಸ್ಟ್ ೧೮ರಂದು ಮಾಂಟೆ ಕಾರ್ಲೋದ ಜೂಜುಮನೆಯಲ್ಲಿ ರೂಲೆಟ್ ಚಕ್ರದ ಗುಂಡು ಸತತವಾಗಿ ೨೬ ಸಲ ಕಪ್ಪು ಮನೆಯಲ್ಲಿಯೇ ಬಿದ್ದಿತು. ಆ ಚಕ್ರದಲ್ಲಿ ೧೮ ಕಪ್ಪು, ೧೮ ಕೆಂಪು ಮತ್ತು ಒಂದು ಸೊನ್ನೆಯ ಮನೆ, ಒಟ್ಟು ೩೭ ಮನೆಗಳಿರುತ್ತವೆ. ‘ಇಷ್ಟು ಸಲ ಕಪ್ಪು ಬಂದಿದೆ, ಇನ್ನು ಕೆಂಪು ಬಂದೇ ತೀರಬೇಕು’ ಎಂದು ಜನ ಮೇಲಿಂದ ಮೇಲೆ ಕೆಂಪಿಗೆ ಪಣವೊಡ್ಡಿ ಲಕ್ಷಗಟ್ಟಲೆ ಹಣ ಕಳೆದುಕೊಂಡರು. ಗೊತ್ತುಪಡಿಸಿದ ೨೬ ಸುತ್ತುಗಳಲ್ಲಿಯೂ ಕಪ್ಪೇ ಬೀಳುವ ಸಂಭವ ಸುಮಾರು ೧೩ ಕೋಟಿ ೭೦ ಲಕ್ಷದಲ್ಲಿ ಒಂದು ಎಂಬುದು ನಿಜ. ಆದರೆ ೨೫ ಸಲ ಕಪ್ಪು ಬಿದ್ದಾದ ಮೇಲೆ ೨೬ನೆಯ ಸಲ ಕಪ್ಪು ಬೀಳುವ ಸಂಭವ ಮೊದಲನೆಯ ಸಲದಂತೆಯೇ ೩೭ರಲ್ಲಿ ೧೮. ಗುಂಡಿಗೂ ಚಕ್ರಕ್ಕೂ ಹಿಂದಿನ ೨೫ ಸುತ್ತುಗಳು ತಿಳಿಯವು. ತಿಳಿದಿರುವುದು ಆಟಗಾರನಿಗೆ ಮಾತ್ರ.

ದೀರ್ಘಕಾಲದಲ್ಲಿ ಎಲ್ಲವೂ ಸಮನಾಗುತ್ತದೆಯೆಂಬ ಮಾತು ಸುಳ್ಳೆ ಎಂದು ಕೆಲವರು ಕೇಳಬಹುದು. ಯಾಕೋಬ್ ಬರ್ನೂಲಿಯ ಮರಣಾನಂತರ ೧೭೧೩ರಲ್ಲಿ ಪ್ರಕಟವಾದ ಗ್ರಂಥದಲ್ಲಿರುವ ಮಹಾಸಂಖ್ಯಾ ನಿಯಮ ಹೇಳುವುದು ಇದನ್ನೇ ಅಲ್ಲವೆ? ಅಲ್ಲ. ಸಮನಾಗುವುದು ಅನುಪಾತ, ವ್ಯತ್ಯಾಸವಲ್ಲ. ನಾಣ್ಯವನ್ನು ನೂರು ಸಲ ಚಿಮ್ಮಿದರೆ ಸಿಂಹಗಳ ಸಂಖ್ಯೆ ೫೦ರಿಂದ ಸಾಮಾನ್ಯವಾಗಿ ಐದರಷ್ಟು ಅತ್ತಿತ್ತ ಇರುತ್ತದೆ. ಹತ್ತು ಸಾವಿರ ಸಲ ಚಿಮ್ಮಿದರೆ ೫೦೦೦ದಿಂದ ಸುಮಾರು ಐವತ್ತರಷ್ಟು ಅತ್ತಿತ್ತ ಇರುತ್ತದೆ. ಅನುಪಾತದಲ್ಲಿ ದೋಷ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಎಣಿಕೆಯಲ್ಲಿ ವ್ಯತ್ಯಾಸ ಹತ್ತು ಪಟ್ಟು ಬೆಳೆಯಿತು. ಜೂಜುಗಾರನು ಕಳೆದುಕೊಳ್ಳುವುದು ಅನುಪಾತವನ್ನಲ್ಲ, ರೂಪಾಯಿಗಳನ್ನು.

ಮನೆಯ ಪಾಲು

ಇಷ್ಟಾದರೂ ನಾಣ್ಯ ಪಕ್ಷಪಾತವಿಲ್ಲದ್ದು. ವ್ಯಾಪಾರವಾಗಿ ನಡೆಯುವ ಯಾವ ಜೂಜೂ ಹಾಗಿರುವುದಿಲ್ಲ. ರೂಲೆಟ್‌ನಲ್ಲಿ ಒಂದು ಸಂಖ್ಯೆಗೆ ಪಣವೊಡ್ಡಿ ಗೆದ್ದವನಿಗೆ ಪಣದ ೩೫ ಪಟ್ಟು ಲಾಭ ಸಿಕ್ಕುತ್ತದೆ. ನ್ಯಾಯವಾದ ಆಟವಾಗಿದ್ದರೆ ೩೬ ಪಟ್ಟು ಸಿಕ್ಕಬೇಕಾಗಿತ್ತು. ಈ ಅಂತರದಿಂದ ಪ್ರತಿ ನೂರು ರೂಪಾಯಿಯ ಪಣದಲ್ಲಿಯೂ ಸರಾಸರಿ ೨.೭ ರೂಪಾಯಿ ಜೂಜುಮನೆಗೆ ಸೇರುತ್ತದೆ. ನಮ್ಮ ಊರುಗಳಲ್ಲಿ ‘ಓ.ಸಿ.’ ಎಂದು ಕರೆಯುವ ಮಟ್ಕಾದಲ್ಲಿ ಹತ್ತು ಅಂಕಿಗಳಲ್ಲಿ ಒಂದನ್ನು ಹೇಳಿ ಗೆದ್ದವನಿಗೆ ರೂಢಿಯಲ್ಲಿ ಸಿಕ್ಕುವುದು ಒಂಬತ್ತು ಪಟ್ಟು. ಎಂದರೆ ಎಲ್ಲವೂ ಪ್ರಾಮಾಣಿಕವಾಗಿ ನಡೆದರೂ ನೂರಕ್ಕೆ ಹತ್ತು ರೂಪಾಯಿ ನಡೆಸುವವನದು.

‘ಅದು ಅದೃಷ್ಟದ ಆಟ, ನಮ್ಮದು ಹಾಗಲ್ಲ, ಕ್ರಿಕೆಟ್ಟನ್ನು ನಾವು ಚೆನ್ನಾಗಿ ಬಲ್ಲೆವು’ ಎನ್ನುವ ತರುಣರು ಬಹಳ. ಎರಡು ಸಮಬಲದ ತಂಡಗಳಿವೆ, ಯಾವುದಕ್ಕೆ ೧೦೦ ರೂಪಾಯಿ ಕಟ್ಟಿ ಗೆದ್ದರೂ ೧೯೦ ರೂಪಾಯಿ ಮರಳುತ್ತದೆ ಎಂದು ಭಾವಿಸೋಣ. ನೋಡುವುದಕ್ಕೆ ಉದಾರವಾಗಿಯೇ ಇದೆ. ಆದರೆ ನಷ್ಟವಿಲ್ಲದೆ ಉಳಿಯಬೇಕಾದರೂ ಪ್ರತಿ ೧೯ ಪಂದ್ಯಗಳಲ್ಲಿ ೧೦ನ್ನು ಸರಿಯಾಗಿ ಹೇಳಬೇಕು, ಅದೂ ವರ್ಷಗಟ್ಟಲೆ. ದರಗಳನ್ನು ಕಟ್ಟುವವರು ನಮಗಿಂತ ಹೆಚ್ಚು ಮಾಹಿತಿಯುಳ್ಳವರು, ಕ್ಷಣಕ್ಷಣಕ್ಕೂ ಲೆಕ್ಕವನ್ನು ತಿದ್ದುವ ಯಂತ್ರಗಳುಳ್ಳವರು. ಸುಮ್ಮನೆ ಊಹಿಸಿ ಆಡುವವನಿಗೆ ನೂರಕ್ಕೆ ಐದು ರೂಪಾಯಿ ನಷ್ಟ ನಿಶ್ಚಿತ. ಒಂದು ರಾತ್ರಿಗೆ ಐವತ್ತು ರೂಪಾಯಿಯಂತೆ ಅರುವತ್ತು ಪಣಗಳಾದರೆ ೩೦೦೦ ರೂಪಾಯಿ ಕೈಬದಲಾಯಿತು, ಅದರ ನೂರಕ್ಕೆ ಐದು ೧೫೦ ರೂಪಾಯಿ. ತಿಂಗಳಿಗೆ ೪೫೦೦ ರೂಪಾಯಿ. ಒಂದು ಚೆಂಡಿಗೆ ಒಂದು ಪಣ ಎಂಬಂತೆ ಆಡಲು ಮೊಬೈಲ್ ಫೋನು ಅವಕಾಶ ಕೊಟ್ಟರೆ ಒಂದೇ ಟಿ-೨೦ ಪಂದ್ಯದಲ್ಲಿ ೨೪೦ ಚೆಂಡುಗಳಿವೆಯೆಂಬುದನ್ನು ನೆನಪಿಡಬೇಕು. ದರವೆಷ್ಟು ಎಂಬುದರಷ್ಟೇ ವೇಗವೆಷ್ಟು ಎಂಬುದೂ ಮುಖ್ಯ.

ಸಣ್ಣ ಪಾಲೂ ದೀರ್ಘ ಆಟದಲ್ಲಿ ಎಷ್ಟು ಕ್ರೂರವಾಗುವುದೆಂಬುದನ್ನು ‘ಜೂಜುಗಾರನ ದಿವಾಳಿ’ ಎಂದು ಹೆಸರಾದ ಲೆಕ್ಕದಿಂದ ಮನಗಾಣಬಹುದು. ಹತ್ತು ರೂಪಾಯಿ ಹಿಡಿದು ರೂಲೆಟ್‌ನ ಕೆಂಪಿಗೆ ಒಂದೊಂದೇ ರೂಪಾಯಿ ಕಟ್ಟುತ್ತ, ಇಪ್ಪತ್ತಾದರೆ ಎದ್ದು ಬರುವೆನೆಂದು ಕುಳಿತವನು ಗೆದ್ದು ಏಳುವ ಸಂಭವ ನೂರಕ್ಕೆ ಸುಮಾರು ೩೭. ನೂರು ರೂಪಾಯಿ ಹಿಡಿದು ಇದೇ ಕ್ರಮದಲ್ಲಿ ಒಂದೊಂದೇ ರೂಪಾಯಿ ಕಟ್ಟುತ್ತ ಇನ್ನೂರು ಮಾಡಿಕೊಂಡು ಏಳುವೆನೆಂಬವನ ಸಂಭವ ಸುಮಾರು ೨೨೪ರಲ್ಲಿ ಒಂದು ಮಾತ್ರ! ಉಳಿದ ೨೨೩ ಮಂದಿ ಬರಿಗೈಯಲ್ಲಿ ಏಳುತ್ತಾರೆ. ಹೆಚ್ಚು ಹೊತ್ತು ಕುಳಿತಷ್ಟೂ ಅದೃಷ್ಟದ ಪಾಲು ಕಡಿಮೆಯಾಗಿ ನಿಯಮದ ಪಾಲು ಹೆಚ್ಚುತ್ತದೆ.

ಸೋತಾಗಲೆಲ್ಲ ಪಣವನ್ನು ಇಮ್ಮಡಿ ಮಾಡುತ್ತ ಹೋದರೆ ಎಂದಾದರೊಮ್ಮೆ ಗೆದ್ದಾಗ ಎಲ್ಲವೂ ಮರಳಿ ಬರುವುದೆಂಬ ಉಪಾಯವನ್ನು ವಿದ್ಯಾರ್ಥಿಗಳು ತಾವೇ ಕಂಡುಹಿಡಿದಂತೆ ನಮಗೆ ಹೇಳುವುದುಂಟು. ೧, ೨, ೪, ೮ ಎಂದು ಹತ್ತು ಸಲ ಸೋತರೆ ಹೋದ ಹಣ ೧೦೨೩ ರೂಪಾಯಿ. ಅಷ್ಟರೊಳಗೆ ಒಮ್ಮೆ ಗೆದ್ದರೆ ಸಿಕ್ಕುವ ಲಾಭ ಒಂದು ರೂಪಾಯಿ. ಪಕ್ಷಪಾತವಿಲ್ಲದ ನಾಣ್ಯದಲ್ಲಿ ಹತ್ತೂ ಸೋಲುವ ಸಂಭವ ೧೦೨೪ರಲ್ಲಿ ಒಂದು. ೧೦೨೩ ಸಲ ಒಂದೊಂದು ರೂಪಾಯಿ ಗೆದ್ದು ಒಂದು ಸಲ ೧೦೨೩ ರೂಪಾಯಿ ಸೋತಂತಾಯಿತು. ಸರಾಸರಿ ಲಾಭ ಸೊನ್ನೆ. ಮನೆಯ ಪಾಲೂ ಸೇರಿದರೆ ಸೊನ್ನೆಗಿಂತ ಕಡಿಮೆ.

ಲೆಕ್ಕ ಬಲ್ಲವನ ಸೋಲು

ಈಗ ನಮ್ಮ ವಿದ್ಯಾರ್ಥಿಯ ವಿಚಾರ. ಮೇಲೆ ಹೇಳಿದ ದಿವಾಳಿಯ ಲೆಕ್ಕವನ್ನು ತರಗತಿಯ ಕರಿಹಲಗೆಯ ಮೇಲೆ ಒಂದೂ ತಪ್ಪಿಲ್ಲದೆ ಬಿಡಿಸಿದ ಹುಡುಗ ಅವನು. ಅಂತಿಮ ಬಿ.ಎಸ್ಸಿ.ಯಲ್ಲಿದ್ದ. ಒಂದು ಸಂಜೆ ಪ್ರಯೋಗಶಾಲೆಗೆ ಬೀಗ ಹಾಕುವ ಹೊತ್ತಿಗೆ ಬಂದು, ಪರೀಕ್ಷಾಶುಲ್ಕಕ್ಕೆ ಹಣ ಬೇಕೆಂದು ಕೇಳಿದ. ಮನೆಯಿಂದ ಬಂದ ಹಣವೇನಾಯಿತೆಂದು ವಿಚಾರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಎಲ್ಲವನ್ನೂ ಹೇಳಿದ. ಫೋನಿನಲ್ಲಿ ಕ್ರಿಕೆಟ್ ಪಣ ಎಂಟು ತಿಂಗಳಿಂದ ನಡೆದಿತ್ತು. ಶುಲ್ಕದ ಹಣ ಹೋಗಿತ್ತು, ಸಹಪಾಠಿಗಳಿಂದ ತಂದ ಸಾಲ ಹೋಗಿತ್ತು, ಲ್ಯಾಪ್‌ಟಾಪ್ ಕೊಳ್ಳುವುದಕ್ಕೆಂದು ತಾಯಿ ಓಲೆಯನ್ನು ಅಡವಿಟ್ಟು ಕೊಟ್ಟ ಹಣವೂ ಹೋಗಿತ್ತು.

ನಾವು ಮಾಡಿದುದು ಎರಡು ತಪ್ಪು. ಮೊದಲನೆಯದಾಗಿ, ಅರ್ಧ ಗಂಟೆ ಅವನಿಗೆ ಸಂಭವಶಾಸ್ತ್ರವನ್ನು ಬೋಧಿಸಿದೆವು. ಅವನು ತಲೆ ತಗ್ಗಿಸಿ ಕೇಳಿ, ‘ಸರ್, ಲೆಕ್ಕ ನನಗೂ ಗೊತ್ತು. ಪಂದ್ಯ ಶುರುವಾದ ಮೇಲೆ ಅದು ನೆನಪಿಗೆ ಬರುವುದಿಲ್ಲ’ ಎಂದ. ಎರಡನೆಯದಾಗಿ, ಕೇಳಿದ ಹಣವನ್ನು ಅವನ ಕೈಗೆ ಕೊಟ್ಟೆವು. ನಾಲ್ಕು ದಿನಗಳಲ್ಲಿ ಆ ಹಣವೂ ಹೋಯಿತು.

ಆ ಹುಡುಗನೊಬ್ಬನದೇ ವಿಚಿತ್ರವೆಂದು ಭಾವಿಸಬೇಕಾಗಿಲ್ಲ. ಇಟಲಿಯ ಕಾರ್ಡಾನೋ ೧೬ನೆಯ ಶತಮಾನದ ಹೆಸರಾಂತ ಗಣಿತಜ್ಞ ಮತ್ತು ವೈದ್ಯ. ದಾಳದಾಟದ ಸಂಭವಗಳನ್ನು ಕುರಿತು ಮೊಟ್ಟಮೊದಲ ಗ್ರಂಥಗಳಲ್ಲೊಂದನ್ನು ಬರೆದವನು ಅವನೇ. ಅವನು ಸತ್ತು ಎಷ್ಟೋ ವರ್ಷಗಳ ಮೇಲೆ, ೧೬೬೩ರಲ್ಲಿ, ಅದು ಅಚ್ಚಾಯಿತು. ಆ ವಿದ್ಯೆಯ ಜನಕರಲ್ಲಿ ಒಬ್ಬನಾದ ಅವನು ವರ್ಷಗಟ್ಟಲೆ ಜೂಜಿನಲ್ಲಿ ಹಣವನ್ನೂ ಕಾಲವನ್ನೂ ಕಳೆದುದನ್ನು ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಆದುದರಿಂದ ಲೆಕ್ಕವನ್ನು ಬಿಟ್ಟು ಮಿದುಳಿನ ಕಡೆಗೆ ತಿರುಗಬೇಕಾಗುತ್ತದೆ.

ಪಾರಿವಾಳವೂ ಮಿದುಳೂ

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಒಂದು ಗುಂಡಿಯನ್ನು ಕುಕ್ಕಿದಾಗ ಕಾಳು ಬೀಳುವಂತೆ ಏರ್ಪಾಡು ಮಾಡಿದನು. ಇಷ್ಟು ಸಲ ಕುಕ್ಕಿದರೆ ಒಂದು ಕಾಳು ಎಂದು ನಿಶ್ಚಿತವಾಗಿದ್ದರೆ ಪಾರಿವಾಳ ಕಾಳನ್ನು ತಿಂದು ಸ್ವಲ್ಪ ವಿಶ್ರಮಿಸುತ್ತದೆ. ಕಾಳು ಒಮ್ಮೆ ಮೂರು ಕುಕ್ಕಿಗೆ, ಒಮ್ಮೆ ಐವತ್ತು ಕುಕ್ಕಿಗೆ ಎಂದು ಅನಿಶ್ಚಿತವಾಗಿ ಬೀಳುವಂತಾದರೆ ಅದು ಬಿಡುವಿಲ್ಲದೆ ಕುಕ್ಕುತ್ತದೆ. ಕಾಳು ಬೀಳುವುದು ನಿಂತುಹೋದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ೧೯೫೭ರಲ್ಲಿ ಫರ್ಸ್ಟರ್‌ನೊಡನೆ ಅವನು ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಪ್ರಯೋಗಗಳ ವಿವರಗಳಿವೆ. ಜೂಜಿನ ಯಂತ್ರಗಳು ಹಣ ಕೊಡುವುದು ಈ ಎರಡನೆಯ ಕ್ರಮದಲ್ಲಿಯೇ.

ಇದರ ಒಳಮರ್ಮ ಅನಂತರ ತಿಳಿದುಬಂದಿತು. ಮಿದುಳಿನ ಆಳದಲ್ಲಿರುವ ಕೆಲವು ನರಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ವುಲ್ಫ್ರಮ್ ಶುಲ್ಟ್ಸ್ ಎಂಬ ವಿಜ್ಞಾನಿಯು ಕೋತಿಗಳ ಮಿದುಳಿನ ಇಂತಹ ಕೋಶಗಳನ್ನು ಗಮನಿಸಿದನು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ಒಂದು ದೀಪ ಹೊತ್ತಿಕೊಳ್ಳುವುದನ್ನು ಕೋತಿ ಕಲಿತ ಮೇಲೆ ಅವು ದೀಪಕ್ಕೇ ಚುರುಕಾಗತೊಡಗಿದವು. ರಸ ಬಂದಾಗ ವಿಶೇಷವೇನೂ ಕಾಣಲಿಲ್ಲ. ಈ ಕೋಶಗಳು ಸುಖವನ್ನಲ್ಲ, ನಿರೀಕ್ಷೆಗೂ ಫಲಕ್ಕೂ ಇರುವ ಅಂತರವನ್ನು ಅಳೆಯುತ್ತವೆಂದು ಇದರಿಂದ ಗೊತ್ತಾಯಿತು. ೨೦೦೩ರಲ್ಲಿ ಅವನೂ ಅವನ ಸಂಗಡಿಗರೂ ಇನ್ನೊಂದನ್ನು ಕಂಡರು. ಬಹುಮಾನ ಖಂಡಿತವಾಗಿ ಬರುವಾಗಲೂ ಖಂಡಿತವಾಗಿ ಬಾರದಿರುವಾಗಲೂ ಇಲ್ಲದ ಒಂದು ನಿಧಾನವಾದ ಏರಿಕೆ, ಬಂದೀತೋ ಬಾರದೋ ಎಂಬಲ್ಲಿ ಕಂಡುಬಂದು, ಸಂಭವ ಸರಿಯಾಗಿ ಅರ್ಧವಿದ್ದಾಗ ಅತ್ಯಧಿಕವಾಗಿತ್ತು. ಸಂಭವ p ಆಗಿದ್ದರೆ p(1−p) ಎಂಬ ಗುಣಲಬ್ಧ ಅತ್ಯಧಿಕವಾಗುವುದು ಅರ್ಧದಲ್ಲಿಯೇ ಎಂಬುದನ್ನು ಗಣಿತದ ವಿದ್ಯಾರ್ಥಿಗಳು ಗುರುತಿಸುವರು. ಅನಿಶ್ಚಿತತೆಯೇ ಒಂದು ಬಗೆಯ ಉತ್ತೇಜನವೆಂದಾಯಿತು.

ಡೋಪಮೀನಿನ ಪಾತ್ರಕ್ಕೆ ಇನ್ನೊಂದು ಸಾಕ್ಷ್ಯ ಆಸ್ಪತ್ರೆಗಳಿಂದ ಬಂದಿತು. ಪಾರ್ಕಿನ್ಸನ್ ರೋಗಕ್ಕೆ ಡೋಪಮೀನಿನಂತೆ ವರ್ತಿಸುವ ಕೆಲವು ಔಷಧಗಳನ್ನು ಕೊಡುತ್ತಾರೆ. ಬಾಳಿನಲ್ಲಿ ಎಂದೂ ಜೂಜನ್ನು ಬಯಸದಿದ್ದ ಕೆಲವರು ಆ ಔಷಧ ಸೇವಿಸತೊಡಗಿದ ಮೇಲೆ ಹತೋಟಿಯಿಲ್ಲದೆ ಜೂಜಾಡತೊಡಗಿದರು. ಔಷಧವನ್ನು ತಗ್ಗಿಸಿದಾಗ ಅನೇಕರಲ್ಲಿ ಆ ಹಂಬಲವೂ ತಗ್ಗಿತು.

‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಭಾವನೆಯದು ಮತ್ತೊಂದು ಬಲೆ. ಮೂರು ಚಿತ್ರಗಳು ಕೂಡಬೇಕಾದಲ್ಲಿ ಎರಡು ಕೂಡಿ ಮೂರನೆಯದು ಒಂದೇ ಮನೆಯಷ್ಟು ಜಾರಿದರೆ ಲೆಕ್ಕದ ದೃಷ್ಟಿಯಿಂದ ಅದು ಸೋಲೇ. ಆದರೆ ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇಂತಹ ಸೋಲು ಮಿದುಳಿನಲ್ಲಿ ಗೆಲುವಿಗೆ ಸ್ಪಂದಿಸುವ ಭಾಗಗಳಲ್ಲಿ ಕೆಲವನ್ನು ಎಚ್ಚರಿಸಿತು. ಆಡಿದವರಿಗೆ ಅದು ಅಹಿತವೆನಿಸಿದರೂ ಇನ್ನೊಮ್ಮೆ ಆಡುವ ಬಯಕೆ ಹೆಚ್ಚಿತು. ‘ಕೊನೆಯ ಚೆಂಡಿನಲ್ಲಿ ತಪ್ಪಿತು, ಸರ್’ ಎಂದು ನಮ್ಮ ಹುಡುಗನು ಹೇಳುವಾಗ ಅವನ ಕಣ್ಣಿನಲ್ಲಿದ್ದ ಹೊಳಪು ನಮಗೆ ಆಗ ಅರ್ಥವಾಗಿರಲಿಲ್ಲ.

ಗುರುತಿಸುವ ಬಗೆ

ಈ ಕಾರಣಗಳಿಂದ ಹತೋಟಿ ಮೀರಿದ ಜೂಜನ್ನು ಇಂದು ವೈದ್ಯಶಾಸ್ತ್ರವು ವ್ಯಾಧಿಯೆಂದೇ ಎಣಿಸುತ್ತದೆ. ಅಮೆರಿಕದ ಮನೋವೈದ್ಯ ಸಂಘವು ೧೯೮೦ರಲ್ಲಿ ಇದನ್ನು ತನ್ನ ಪಟ್ಟಿಯಲ್ಲಿ ಸೇರಿಸಿತು. ೨೦೧೩ರಲ್ಲಿ ಮದ್ಯ ಮೊದಲಾದವುಗಳ ವ್ಯಸನಗಳ ಗುಂಪಿಗೆ ಇದನ್ನು ವರ್ಗಾಯಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ೧.೨ ಮಂದಿಗೆ ಈ ವ್ಯಾಧಿಯಿದೆ. ಗುರುತುಗಳು ಒಂಬತ್ತು:

ಹಿಂದಿನ ಉತ್ಸಾಹಕ್ಕಾಗಿ ಹೆಚ್ಚು ಹೆಚ್ಚು ಹಣವನ್ನು ಕಟ್ಟಬೇಕಾಗುವುದು; ಆಟವನ್ನು ಕಡಿಮೆ ಮಾಡಿದಾಗ ಚಡಪಡಿಕೆ, ಸಿಡುಕು; ಬಿಡಲು ಹಲವು ಸಲ ಪ್ರಯತ್ನಿಸಿ ಸೋತಿರುವುದು; ಸದಾ ಅದರದೇ ಯೋಚನೆ; ದುಃಖ, ಆತಂಕಗಳಾದಾಗ ಆಟಕ್ಕೆ ತಿರುಗುವುದು; ಕಳೆದುಕೊಂಡುದನ್ನು ಮರಳಿ ಪಡೆಯಲು ಮತ್ತೆ ಆಡುವುದು; ಆಟವನ್ನು ಮರೆಮಾಚಲು ಸುಳ್ಳು ಹೇಳುವುದು; ಅದರಿಂದ ಓದು, ಉದ್ಯೋಗ ಅಥವಾ ಆಪ್ತ ಸಂಬಂಧ ಕೆಡುವುದು; ಉಂಟಾದ ಮುಗ್ಗಟ್ಟಿನಿಂದ ಪಾರಾಗಲು ಇತರರ ಹಣವನ್ನು ನೆಚ್ಚುವುದು.

ಹನ್ನೆರಡು ತಿಂಗಳ ಅವಧಿಯಲ್ಲಿ ಇವುಗಳಲ್ಲಿ ನಾಲ್ಕು ಕಂಡುಬಂದರೆ ವೈದ್ಯರು ವ್ಯಾಧಿಯೆಂದು ನಿರ್ಣಯಿಸಬಹುದು. ವಾಚಕರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು ೧೯೯೭ರಲ್ಲಿ ಪ್ರಕಟವಾದ ಎರಡೇ ಪ್ರಶ್ನೆಗಳ ಪರೀಕ್ಷೆಯೊಂದಿದೆ. ಹೆಚ್ಚು ಹೆಚ್ಚು ಹಣ ಕಟ್ಟಬೇಕೆಂದು ಎಂದಾದರೂ ಅನಿಸಿತ್ತೆ? ಎಷ್ಟು ಆಡಿದೆನೆಂಬ ವಿಚಾರದಲ್ಲಿ ಆತ್ಮೀಯರಿಗೆ ಎಂದಾದರೂ ಸುಳ್ಳು ಹೇಳಬೇಕಾಯಿತೆ? ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ವ್ಯಾಧಿಯಿದೆಯೆಂದೇ ಅರ್ಥವಲ್ಲ. ತಿಳಿದವರೊಡನೆ ಮಾತನಾಡಬೇಕೆಂದು ಅರ್ಥ.

ಒಂಬತ್ತರಲ್ಲಿ ಕಳೆದುದನ್ನು ಬೆನ್ನಟ್ಟುವ ಗುರುತು ವಿಶೇಷವಾಗಿ ಅಪಾಯಕರ. ನಳಚರಿತ್ರೆಯ ಕೊನೆಯಲ್ಲಿ ನಳನು ಪುಷ್ಕರನನ್ನು ಮತ್ತೆ ಆಟಕ್ಕೆ ಕರೆದು ಒಂದೇ ಎಸೆತದಲ್ಲಿ ರಾಜ್ಯವನ್ನು ಮರಳಿ ಗೆಲ್ಲುತ್ತಾನೆ. ಕಥೆಗೆ ಅದು ಒಪ್ಪುತ್ತದೆ. ಆದರೆ ಸೋತವರೆಲ್ಲರೂ ರಾತ್ರಿ ಕಾಣುವ ಕನಸು ಇದೇ ಒಂದು ಎಸೆತದ್ದು, ಮತ್ತು ಉಳಿದುದನ್ನೂ ಕಳೆಯುವುದು ಈ ಕನಸೇ. ಹೋದ ಹಣ ಹೋಯಿತೆಂದು ಒಪ್ಪಿಕೊಳ್ಳುವುದೇ ಗುಣವಾಗುವುದರ ಮೊದಲ ಮೆಟ್ಟಿಲು.

ಸಹಾಯದ ದಾರಿ

ನಮ್ಮ ಎರಡನೆಯ ತಪ್ಪಿನ ಮೇಲೆ ನಾವು ಮಾಡಬೇಕಾದುದನ್ನು ಮಾಡಿದೆವು. ಕೇಂದ್ರ ಸರ್ಕಾರವು ೨೦೨೨ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯಿದೆ. ೧೪೪೧೬ ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಹುಡುಗನು ನಮ್ಮ ಕೊಠಡಿಯಲ್ಲಿ ಕುಳಿತು ಕರೆ ಮಾಡಿದ. ನಾವು ಹೊರಗೆ ನಿಂತೆವು. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ದಾರಿಯಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಗಳ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ ೨೦೧೪ರಲ್ಲಿ ಆರಂಭವಾದ ಚಿಕಿತ್ಸಾಲಯವೂ ಇದೆ. ಧಾರವಾಡದ ಡಿಮ್ಹಾನ್ಸ್ ಉತ್ತರ ಕರ್ನಾಟಕದವರಿಗೆ ಹತ್ತಿರ.

ಚಿಕಿತ್ಸೆಯೆಂದರೆ ಬೈಗುಳವಲ್ಲ, ಉಪದೇಶವೂ ಅಲ್ಲ. ಬಯಕೆ ಹುಟ್ಟುವ ಸಂದರ್ಭಗಳನ್ನು ರೋಗಿಯೇ ಗುರುತಿಸುವಂತೆ ಮಾಡಿ, ‘ಇನ್ನು ನನ್ನ ಸರದಿ’ ಎಂಬಂತಹ ತಪ್ಪು ಆಲೋಚನೆಗಳನ್ನು ಒಂದೊಂದಾಗಿ ಬಿಡಿಸಿ, ಬದಲಿ ನಡವಳಿಕೆಗಳನ್ನು ರೂಢಿಸುವ ಮನಶ್ಚಿಕಿತ್ಸೆ ಇದರಲ್ಲಿ ಮುಖ್ಯ. ನ್ಯಾಲ್‌ಟ್ರೆಕ್ಸೋನ್‌ನಂತಹ ಔಷಧಗಳನ್ನು ವೈದ್ಯರು ಕೆಲವರಲ್ಲಿ ಪ್ರಯತ್ನಿಸುವುದುಂಟು. ಒಂದೇ ಕಷ್ಟವನ್ನು ಕಂಡವರು ಕೂಡಿ ಮಾತನಾಡಿಕೊಳ್ಳುವ ಸಂಘಗಳೂ ಇವೆ. ಅಂತಹ ಮೊದಲನೆಯ ಸಂಘ ಲಾಸ್ ಏಂಜಲಿಸ್ ನಗರದಲ್ಲಿ ೧೯೫೭ರಲ್ಲಿ ಹುಟ್ಟಿತು.

ಇದರ ಜೊತೆಗೆ ತಾವೇ ಮಾಡಿಕೊಳ್ಳಬಹುದಾದ ಕೆಲವು ಏರ್ಪಾಡುಗಳಿವೆ. ಬಯಕೆಯು ಅಲೆಯಂತೆ ಏರಿ ಇಳಿಯುವಂಥದು. ಆ ಹೊತ್ತಿನಲ್ಲಿ ಅರ್ಧ ಗಂಟೆ ಮುಂದೂಡಿ, ಫೋನನ್ನು ಬಿಟ್ಟು ಹೊರಗೆ ನಡೆದರೆ ಬಹಳ ಸಲ ಅಲೆ ಇಳಿಯುತ್ತದೆ. ಹಣವನ್ನು ಕೆಲವು ಕಾಲ ನಂಬಿಕೆಯುಳ್ಳವರ ವಶಕ್ಕೆ ಒಪ್ಪಿಸಬೇಕು. ಫೋನಿನಿಂದ ಹಣ ಕಳುಹಿಸುವ ಮಿತಿಯನ್ನು ಬ್ಯಾಂಕಿನಲ್ಲಿ ಇಳಿಸಿಕೊಳ್ಳಬೇಕು. ಆಟದ ಆ್ಯಪುಗಳನ್ನು ತೆಗೆದುಹಾಕಬೇಕು. ಸಾಲ ಕೊಡುವ ಆ್ಯಪುಗಳನ್ನೂ ಅವುಗಳೊಡನೆ ತೆಗೆದುಹಾಕಬೇಕು. ಇರುವ ಸಾಲಗಳನ್ನೆಲ್ಲ, ಒಂದನ್ನೂ ಬಚ್ಚಿಡದೆ, ಒಂದು ಕಾಗದದ ಮೇಲೆ ಬರೆದು ಮನೆಯವರ ಮುಂದಿಡಬೇಕು. ಇದು ಎಲ್ಲಕ್ಕಿಂತ ಕಷ್ಟವಾದುದು. ಎಲ್ಲಕ್ಕಿಂತ ಹಗುರಮಾಡುವುದೂ ಇದೇ.

ಗೆಳೆಯನೊಬ್ಬನು ಈ ಸ್ಥಿತಿಯಲ್ಲಿರುವುದು ನಿಮಗೆ ತಿಳಿದರೆ ಅವನನ್ನು ಹೀಯಾಳಿಸಬೇಡಿರಿ, ಕೈಗೆ ಹಣವನ್ನೂ ಕೊಡಬೇಡಿರಿ. ಶುಲ್ಕವನ್ನು ಕಟ್ಟಬೇಕಾಗಿದ್ದರೆ ಕಚೇರಿಗೇ ಹೋಗಿ ಕಟ್ಟಿರಿ. ಬದುಕುವುದೇ ಬೇಡವೆಂಬ ಮಾತು ಅವನ ಬಾಯಿಂದ ಬಂದರೆ ಅದನ್ನು ಹಗುರವಾಗಿ ಎಣಿಸದೆ, ಒಬ್ಬನನ್ನೇ ಬಿಡದೆ, ಆ ಕ್ಷಣವೇ ೧೪೪೧೬ಕ್ಕೋ ೧೧೨ಕ್ಕೋ ಕರೆ ಮಾಡಿ ಹಿರಿಯರಿಗೂ ತಿಳಿಸಬೇಕು. ಗುಟ್ಟನ್ನು ಕಾಪಾಡುವುದಕ್ಕಿಂತ ಗೆಳೆಯನನ್ನು ಕಾಪಾಡುವುದು ದೊಡ್ಡದು.

ಕಾನೂನಿನ ಮಾತನ್ನೂ ಹೇಳಬೇಕು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಆ ಕಾಯಿದೆಯು ಶಿಕ್ಷೆಯನ್ನು ವಿಧಿಸಿರುವುದು ಆಟವನ್ನು ಒದಗಿಸುವವರಿಗೆ, ಪ್ರಚಾರ ಮಾಡುವವರಿಗೆ ಮತ್ತು ಹಣದ ಸಾಗಣೆಗೆ ನೆರವಾಗುವವರಿಗೆ, ಆಡಿ ಕಳೆದುಕೊಂಡವನಿಗಲ್ಲ. ಆದುದರಿಂದ ಕಾನೂನಿನ ಭಯದಿಂದ ಸಹಾಯ ಕೇಳದಿರುವುದಕ್ಕೆ ಕಾರಣವಿಲ್ಲ. ಆದರೆ ಕಾಯಿದೆಯೊಂದರಿಂದಲೇ ಮಿದುಳಿನ ಹಂಬಲ ಅಳಿಯದು. ಕದ್ದುಮುಚ್ಚಿ ನಡೆಯುವ ಓ.ಸಿ. ಎಷ್ಟೋ ದಶಕಗಳ ನಿಷೇಧವನ್ನು ಕಂಡಿದೆ.

ರಷ್ಯದ ಮಹಾಲೇಖಕ ದೊಸ್ತೊಯೆವ್‌ಸ್ಕಿ ವರ್ಷಗಟ್ಟಲೆ ರೂಲೆಟ್‌ಗೆ ದಾಸನಾಗಿದ್ದನು. ಸಾಲದ ಒತ್ತಡದಲ್ಲಿ ೧೮೬೬ರಲ್ಲಿ ಜೂಜುಗಾರನನ್ನು ಕುರಿತ ಕಾದಂಬರಿಯೊಂದನ್ನು ೨೬ ದಿನಗಳಲ್ಲಿ ಹೇಳಿ ಬರೆಯಿಸಿದನು. ಜೂಜುಗಾರನ ಮನಸ್ಸನ್ನು ಅಷ್ಟು ಬಲ್ಲವನೂ ಅನಂತರ ಐದು ವರ್ಷ ಆಡಿದನು. ೧೮೭೧ರಲ್ಲಿ ವೀಸ್‌ಬಾಡೆನ್‌ನಲ್ಲಿ ಕೊನೆಯ ಸಲ ಸೋತು, ಹೆಂಡತಿಗೆ ಪತ್ರ ಬರೆದು ನಿಲ್ಲಿಸಿದನು, ಮತ್ತೆ ಆಡಲಿಲ್ಲ. ಬಿಡಬಹುದು ಎಂಬುದಕ್ಕೂ, ಒಂದೇ ದಿನದಲ್ಲಿ ಆಗುವುದಲ್ಲ ಎಂಬುದಕ್ಕೂ ಅವನೇ ಸಾಕ್ಷಿ.

ನಮ್ಮ ಹುಡುಗನೂ ಒಂದೇ ಸಲಕ್ಕೆ ಬಿಡಲಿಲ್ಲ. ಮೂರು ತಿಂಗಳು ದೂರವಿದ್ದು, ದೊಡ್ಡ ಪಂದ್ಯವೊಂದರ ರಾತ್ರಿ ಗೆಳೆಯನ ಫೋನಿನಲ್ಲಿ ಮತ್ತೆ ಆಡಿದ. ಆದರೆ ಈ ಸಲ ಮರುದಿನ ಬೆಳಿಗ್ಗೆಯೇ ಅಣ್ಣನಿಗೆ ಹೇಳಿದ, ವೈದ್ಯರ ಬಳಿಗೆ ಮರಳಿ ಹೋದ. ಮರುಕಳಿಸುವುದು ಈ ವ್ಯಾಧಿಯಲ್ಲಿ ಸಾಮಾನ್ಯವೆಂದೂ, ಅದರಿಂದ ಹಿಂದಿನ ಮೂರು ತಿಂಗಳು ವ್ಯರ್ಥವಾಗಲಿಲ್ಲವೆಂದೂ ವೈದ್ಯರು ಹೇಳಿದರಂತೆ. ಪರೀಕ್ಷೆಯನ್ನು ಅವನು ಒಂದು ವರ್ಷ ತಡವಾಗಿ ಮುಗಿಸಿದ. ಈಗ ಒಂದು ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸುತ್ತಿದ್ದಾನೆ. ತಾಯಿಯ ಓಲೆಯನ್ನು ಬಿಡಿಸಿಕೊಟ್ಟ ದಿನ ನಮಗೆ ಕರೆ ಮಾಡಿದ್ದ. ಸಂಭವಶಾಸ್ತ್ರದ ಪಾಠ ಬಂದಾಗ ಏನು ಹೇಳುವೆಯೆಂದು ಕೇಳಿದೆವು. ‘ಲೆಕ್ಕವನ್ನು ಪೂರ್ತಿ ಹೇಳಿಕೊಡುತ್ತೇನೆ, ಸರ್. ಆಮೇಲೆ ೧೪೪೧೬ ಎಂಬ ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆಯುತ್ತೇನೆ’ ಎಂದ.